ನೀರುಗಂಟಿ ನನ್ನ ಪಾತ್ರ ಮಾಡಿದ್ದು

ಮೈಸೂರಿನ ತರಬೇತಿ ಕೇಂದ್ರ, ಎರಡನೇ ಮಹಡಿ,
ಮೂರು ದಿನದ ಶಿಬಿರದ ಮೂರನೇ ಮಧ್ಯಾಹ್ನ.
ಉಂಡ ಅನ್ನಸಾರು ರೆಪ್ಪೆಯ ಮೇಲೆ ಕೂತಿದೆ.
ಕೊಟ್ಟ ಬ್ಯಾಗಿನಲ್ಲಿ ಪೆನ್ನು, ಪ್ಯಾಡು, ಸಕಾಲದ ಪಟ್ಟಿ;
ಎದೆಯ ಮೇಲೆ ನನ್ನದೇ ಹೆಸರಿನ ಚೀಟಿ:
ಇಂದ್ರಾಣಿ ಬಿ. ಕೆ., ಡಾಟಾ ಎಂಟ್ರಿ ಆಪರೇಟರ್,
ಹುಣಸೆಕೊಪ್ಪಲು ಗ್ರಾಮ ಪಂಚಾಯಿತಿ, ಮಂಡ್ಯ ಜಿಲ್ಲೆ.

ಮೊದಲ ದಿನ ಆಡಳಿತ ಎಂದರೇನು ಅಂತ ಹೇಳಿದರು.
ಎರಡನೇ ದಿನ ಪಾರದರ್ಶಕತೆ.
ಅರ್ಕಾವೊತ್ತು ಎಲ್ಲಿ ಬರುತ್ತೆ ಮೇಡಂ ಅಂತ
ಪಕ್ಕದ ಬಿಲ್ ಕಲೆಕ್ಟರ್ ಪಿಸುಗುಟ್ಟಿದ.
ನನಗೂ ಒಂದು ಗಳಿಗೆ ಅನುಮಾನ.

ಇವತ್ತು ಬಂದಾಕೆ ಸ್ಲೈಡು ಹಾಕಲಿಲ್ಲ.
ಮೇಜೊಂದನ್ನು ನಡುವೆ ಎಳೆಸಿದರು.
“ಇದು ನಿಮ್ಮ ಪಂಚಾಯಿತಿ ಆಫೀಸು.
ಕೌಂಟರಿನ ಒಳಗಿನವರು ಹೊರಗೆ ಬನ್ನಿ.
ಹೊರಗಿನವರು ಯಾರಾದರೂ ಒಳಗೆ ಹೋಗಿ.”

ನೀರುಗಂಟಿ ಮರಿಕೆಂಚಯ್ಯ
ಹಿಂದಿನ ಸಾಲಿನಲ್ಲಿ ಟವೆಲ್ಲು ಮಡಚುತ್ತಿದ್ದ.
ಹದಿನೆಂಟು ವರ್ಷ ವಾಲ್ವು ತಿರುಗಿಸಿದ ಕೈ,
ಯಾವ ಬೀದಿಯ ಕೊಳಾಯಿ ಈಗ ತುಂಬಿತೆಂದು
ಗಡಿಯಾರ ನೋಡದೆ ಹೇಳುವ ಕಿವಿ.
“ನಾನಾ? ಬ್ಯಾಡಿ ಬುಡಿ ಮೇಡಂ.”
ಆಮೇಲೆ ಎದ್ದ. ಕುರ್ಚಿ ಒರೆಸಿ ಕೂತ.
ಖಾಲಿ ಮೇಜಿನ ಮೇಲಿದ್ದ, ಇಲ್ಲದ ಕಂಪ್ಯೂಟರನ್ನು
ತನ್ನತ್ತ ಎಳೆದುಕೊಂಡ.

ನಾನು ಅರ್ಜಿ ಹಿಡಿದು ನಿಂತೆ.
“ಸಾರ್, ನಮ್ಮನೇದು ಇ-ಸ್ವತ್ತು...”
ತಲೆ ಎತ್ತಲಿಲ್ಲ.
ಫೋನಿಲ್ಲದ ಭುಜಕ್ಕೆ ವಾಲಿದ ಕಿವಿ,
ಮೌಸಿಲ್ಲದಲ್ಲಿ ಮೌಸು ಆಡಿಸುವ ಬಲಗೈ,
ಎಡಗೈ ಮಾತ್ರ, ನೊಣ ಓಡಿಸಿದ ಹಾಗೆ:
“ಸರ್ವರ್ ಇಲ್ಲ ಕಣಮ್ಮ. ನಾಳೆ ಬನ್ನಿ.”

ಹಾಲಿಗೆ ಹಾಲೇ ನಕ್ಕಿತು.
ಬಿಲ್ ಕಲೆಕ್ಟರ್ ಮೇಜು ಬಡಿದ: “ಥೇಟು ಇಂದ್ರಾಣಿ ಮೇಡಂ!”
ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ.
ಆ ಎಡಗೈ ನನ್ನದು,
ಬೆರಳಿನ ಕೊನೆಯ ಗೆಣ್ಣಿನವರೆಗೂ ನನ್ನದು.
ಇಷ್ಟನ್ನು ಯಾವಾಗ ನೋಡಿಕೊಂಡ?
ಪಂಪ್‌ಹೌಸಿನ ಬೀಗದಕೈ ಮೊಳೆಗೆ ಸಿಕ್ಕಿಸಿ
ಬಾಗಿಲಲ್ಲೇ ತಿರುಗಿ ಹೋಗುವವನು,
ಕೂರು ಎಂದು ನಾನು ಒಮ್ಮೆಯೂ ಅನ್ನದವನು.

ಮುಂದುವರಿಸಿ ಅಂದರು.
ಚೀಟಿಯಲ್ಲಿ ಬರೆದುಕೊಟ್ಟ ಮಾತು ಮರೆತಿತ್ತು.
ಬಾಯಿಗೆ ಬಂದದ್ದು ಪುಟ್ಟತಾಯಮ್ಮನ ಮಾತು:
“ದೀಪಾವಳಿಯಿಂದ ತಿರುಗ್ತಾ ಇವ್ನಿ ಕಣಪ್ಪ,
ನನ್ ಎಸ್ರಲ್ಲಿ ಅದೆಂತದೋ ಕೊಂಬು ಮುರುದೋಗದಂತೆ.”

ಆ ಕೊಂಬು ಉದುರಿಸಿದ್ದು ನಾನೇ,
ಒಂದು ಸಂಜೆ, ಬಸ್ಸಿನ ಅವಸರದಲ್ಲಿ.
ಅಂದಿನಿಂದ ಸರ್ಕಾರದ ಲೆಕ್ಕದಲ್ಲಿ ಆಕೆ ಪಟ್ಟತಾಯಮ್ಮ.
ಪಟ್ಟ ಸಿಕ್ಕಿತು. ಬಿಲ್ಲು ನಿಂತಿತು.
ಮನೆ ಲಿಂಟಲ್ಲಿನ ಮಟ್ಟಕ್ಕೆ ಬಂದು
ಆಕಾಶ ನೋಡುತ್ತ ಕೂತಿತು.

ಮರಿಕೆಂಚಯ್ಯನ ಕೈ ಮೌಸಿನ ಮೇಲೆಯೇ ಉಳಿಯಿತು.
ಪಾತ್ರ ಬಿಟ್ಟು ನನ್ನತ್ತ ನೋಡಿದ.
“ಆವಮ್ಮ ನಮ್ ಚಿಕ್ಕವ್ವ ಕಣ್ ಮೇಡಂ.”
ಒಂದು ಮಾತು ಹೇಳಬಾರದಿತ್ತೆ ಅಂದೆ.
“ಏಳನಾ ಅಂತಲೇ ಬರ್ತಿದ್ದೆ.
ಅಷ್ಟೊತ್ಗೆ ಮೋಟ್ರು ಆನ್ ಮಾಡೋ ವೊತ್ತಾಗ್ಬುಡದು.”

ಗ್ರೂಪ್ ಫೋಟೊ, ಪ್ರಮಾಣಪತ್ರ, ಬೋಂಡ, ಟೀ.
ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವ ತನಕ
ನಾವಿಬ್ಬರೂ ಮಾತಾಡಲಿಲ್ಲ.
ಪ್ರಮಾಣಪತ್ರದಲ್ಲಿ ಅವನ ಹೆಸರು
ಮರಿಕಂಚಯ್ಯ ಎಂದಾಗಿತ್ತು. ನೋಡಿದೆ, ಹೇಳಲಿಲ್ಲ.

ಸೋಮವಾರ ಸರ್ವರ್ ನಿಜವಾಗಿಯೂ ಇರಲಿಲ್ಲ.
ಕುರ್ಚಿ ಹಾಕಿಸಿ ಪುಟ್ಟತಾಯಮ್ಮನನ್ನು ಕೂರಿಸಿದೆ,
ಪರದೆಯನ್ನು ಆಕೆಯ ಕಡೆಗೂ ಅರ್ಧ ತಿರುಗಿಸಿದೆ.
‘ಪು’ವಿಗೆ ಕೊಂಬು ಹಾಕಿಟ್ಟಿದ್ದೇನೆ, ನೋಡಿ;
ಇದು ಮೇಲಕ್ಕೆ ಹೋಗಬೇಕು, ಹೋಗುತ್ತಿಲ್ಲ;
ಹೋದ ಮೇಲೆ ಪಿಡಿಒ ಒಪ್ಪಬೇಕು,
ಪಿಡಿಒ ಮೀಟಿಂಗಿನಲ್ಲಿದ್ದಾರೆ.

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು,
ಪರದೆಯ ನಡುವೆ ಸುತ್ತುವ ಸಣ್ಣ ಉಂಗುರ.
“ಇದೇನವ್ವ, ಕಬ್ಬೇ ಇಲ್ದೆ
ಗಾಣ ತಿರುಗ್ದಂಗೆ ತಿರುಗ್ತಾ ಅದೆ.”
ಹೂಂ ಅಂದೆ.
ಇಬ್ಬರೂ ನೋಡುತ್ತ ಕೂತೆವು.